ಪಡಸಾಲೆಯ ಲೇತು ಬಿಗಿಹಿಡಿದಾಗ

ನಮ್ಮ ಮನೆಗೆ ಬಂದವರು ಮೊದಲು ಲೇತಿಗೆ ಮೊಣಕಾಲು ಬಡಿದುಕೊಂಡು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಶಿಕಾರಿಪುರದ ಆ ಮನೆಯ ಹೊಸ್ತಿಲು ದಾಟಿದರೆ ಪಡಸಾಲೆ. ಎಡಗಡೆ ಅಜ್ಜಿಯ ದೇವರ ಗೂಡು, ಬಲಗಡೆ ಮರದ ಬೆಂಚು, ನಟ್ಟನಡುವೆ ಲೇತು. ಅಜ್ಜನ ಕಾಲದಲ್ಲಿ ಅಲ್ಲಿ ಜೋಳದ ಚೀಲ, ಮೆಣಸಿನಕಾಯಿ ಚೀಲ ತೊಲೆ ಮುಟ್ಟುವಂತೆ ಪೇರಿಸಿರುತ್ತಿದ್ದರಂತೆ. ಅಪ್ಪನಿಗೆ ಆ ವ್ಯಾಪಾರ ಹತ್ತಲಿಲ್ಲ. ಗಿರಾಕಿ ಬಂದು ನಿಂತರೆ ಅಪ್ಪ ತಕ್ಕಡಿಯ ಮುಳ್ಳು ಯಾಕೆ ಓಲಾಡುತ್ತದೆ ಎಂದು ಬಗ್ಗಿ ನೋಡುತ್ತಿದ್ದ, ತೂಗುವುದನ್ನೇ ಮರೆಯುತ್ತಿದ್ದ. ಕೊನೆಗೆ ಹರಿಹರದ ಕಡೆ ಹೋಗಿ ಯಾರದೋ ಕೈಕೆಳಗೆ ಮೂರು ವರ್ಷ ಕೆಲಸ ಕಲಿತ. ಬರುವಾಗ ಲಾರಿಯಲ್ಲಿ ಒಂದು ಹಳೆಯ ಸಣ್ಣ ಲೇತು ಹೇರಿಕೊಂಡು ಬಂದ. ಬಸ್ ಸ್ಟ್ಯಾಂಡ್ ಹತ್ತಿರ ಶೆಡ್ಡು ಸಿಗುವವರೆಗೆ ಎಂಟು ದಿನ ಇಲ್ಲಿರಲಿ ಎಂದು ಅವ್ವನಿಗೆ ಹೇಳಿದ. ಆ ಎಂಟು ದಿನ ಹನ್ನೊಂದು ವರ್ಷ ನಡೆಯಿತು.

ಲೇತು ಎಂದರೆ ಕಬ್ಬಿಣ ಕಡೆಯುವ ಯಂತ್ರ. ಕಡೆಯಬೇಕಾದ ತುಂಡನ್ನು ಒಂದು ತುದಿಯಲ್ಲಿ ಕಚ್ಚಿಸಿದರೆ ಅದು ಗಿರ್ರನೆ ತಿರುಗುತ್ತದೆ. ಹರಿತವಾದ ಟೂಲು ಹಿಡಿದ ಸ್ಲೈಡು, ನಾವು ಹ್ಯಾಂಡಲ್ ತಿರುಗಿಸಿದಂತೆಲ್ಲ ಕೂದಲೆಳೆಯಷ್ಟು ಮುಂದೆ ಜಾರಿ ತುಂಡನ್ನು ತರಿಯುತ್ತದೆ. ಸ್ಲೈಡು ಬೆಣ್ಣೆಯ ಹಾಗೆ ಜಾರಬೇಕು, ಆದರೆ ಒಂಚೂರೂ ಅಲುಗಬಾರದು. ವಿದ್ಯೆಯೆಲ್ಲ ಇರುವುದು ಅಲ್ಲೇ. ಅಪ್ಪ ಪಂಪ್‌ಸೆಟ್ಟಿನ ಶಾಫ್ಟು, ಗಾಡಿಯ ಕೀಲು, ಟಿಲ್ಲರಿನ ಪಿನ್ನು ಮಾಡುತ್ತಿದ್ದ. ನಡುವೆ ಬಿಡುವು ಸಿಕ್ಕರೆ ಮನೆಗೂ ಮಾಡುತ್ತಿದ್ದ. ನಮ್ಮ ಡಬ್ಬಿಗಳ ಮುಚ್ಚಳ ಎತ್ತುವ ಗುಬುಟು, ಚಕ್ಕುಲಿ ಒರಳಿನ ಬಿಲ್ಲೆ, ಅಜ್ಜಿಯ ಊರುಗೋಲಿನ ತುದಿ ಎಲ್ಲವೂ ಲೇತಿನಲ್ಲಿ ಹುಟ್ಟಿದವು. ಚಿಕ್ಕತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಗಂಡಿನ ತಂದೆ ಹುಡುಗಿಯ ಕಡೆ ಒಮ್ಮೆ ನೋಡಿ, ಲೇತಿನ ಕಡೆ ಒಂದು ತಾಸು ನೋಡಿ, ತಮ್ಮ ಮಂಚಕ್ಕೆ ನಾಲ್ಕು ಗುಬುಟು ಮಾಡಿಸಿಕೊಂಡು ಹೋದರು. ಸಂಬಂಧ ಕೂಡಲಿಲ್ಲ. ಗುಬುಟು ಚೆನ್ನಾಗಿ ಕೂತವಂತೆ.

ಅವ್ವ ಸೊರಬದ ಹೊಸಬಾಳೆಯವಳು. ತವರಿನಲ್ಲಿ ಪಡಸಾಲೆ ಎಂದರೆ ಸಗಣಿ ಸಾರಿಸಿ, ರಂಗೋಲಿ ಎಳೆದು, ಚಾಪೆ ಹಾಸಿ ಬಂದವರನ್ನು ಕೂರಿಸುವ ಜಾಗ. ಇಲ್ಲಿ ಅವಳು ದಿನಾ ಬೆಳಿಗ್ಗೆ ಗುಡಿಸಿದರೆ ಮೊರದ ತುಂಬ ಕಬ್ಬಿಣದ ಸುರುಳಿ. ಒಂದು ದಿನ ಊಟದ ನಡುವೆ ಅಪ್ಪನ ಬದನೆಕಾಯಿ ಪಲ್ಯದಲ್ಲಿ ಒಂದು ಉಕ್ಕಿನ ಸುರುಳಿ ಸಿಕ್ಕಿತು. ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಅವ್ವನ ಮುಖದ ಮುಂದೆ ಹಿಡಿದ.

"ಇದೇನಿದು?"

"ನಿಮ್ಮ ಬೆಳೆಯೇ. ಈ ಸಲ ಚಲೋ ಬಂದದೆ, ಉಣ್ಣಿ" ಎಂದಳು ಅವ್ವ.

ಅವ್ವ ಹಾಕಿದ್ದ ಕಟ್ಟಪ್ಪಣೆ ಒಂದೇ. ನಾನು ಲೇತು ಮುಟ್ಟಬಾರದು. ನಾನಾಗ ಐದನೇ ಕ್ಲಾಸು. ಮಗ್ಗಿ ತಪ್ಪಿದರೂ ಲೇತಿನ ಸದ್ದು ತಪ್ಪದೆ ಹೇಳುತ್ತಿದ್ದೆ. ಹಿತ್ತಾಳೆ ಕಡೆಯುವಾಗ ಒಂದು ಸದ್ದು, ಉಕ್ಕಿಗೆ ಇನ್ನೊಂದು. ಆದರೆ ನನ್ನ ಜಾಗ ಬೆಂಚಿನ ಈಚೆ. ಕಾಲು ಒಂದು ಗೇಣು ಮುಂದೆ ಹೋದರೆ ಅಡುಗೆಮನೆಯಿಂದಲೇ ಅವ್ವನ ಧ್ವನಿ ಬರುತ್ತಿತ್ತು.

"ಬೆರಳು ಹೋದ್ರೆ ಯಾರು ಕೊಡ್ತಾರೆ ಮಾರಾಯ್ತಿ? ನಿಮ್ಮಪ್ಪ ಕಡೆದು ಕೊಡ್ತಾರಾ?"

ನನಗೆ ದಾರಿ ಮಾಡಿಕೊಟ್ಟವಳು ಅಜ್ಜಿ. ಆ ವರ್ಷದ ಆಯುಧಪೂಜೆಯ ದಿನ ಲೇತಿಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಅಜ್ಜಿ ಹೋಳಿಗೆಯ ಎಡೆ ಹಿಡಿದಳು. ಅಪ್ಪ ನಗುತ್ತ, "ಅವ್ವಾ, ಇದಕ್ಕ ಹೋಳಿಗಿ ಬ್ಯಾಡ, ಎಣ್ಣಿನೇ ಇದರ ಊಟ" ಎಂದ. ಅಜ್ಜಿ ನಗಲಿಲ್ಲ. ಮನೆಗೆ ಅನ್ನ ಹಾಕುವ ಯಂತ್ರ ಇಷ್ಟು ವರ್ಷ ಉಪವಾಸ ಇತ್ತೇ ಎಂದು ಅವಳಿಗೆ ನಿಜವಾಗಿ ಸಂಕಟವಾಯಿತು. ಮಾರನೆಯ ದಿನದಿಂದ ತನ್ನ ಲಿಂಗಪೂಜೆ ಮುಗಿದ ಮೇಲೆ ಲೇತಿನ ಹಣೆಗೆ, ಅಂದರೆ ಸ್ಲೈಡಿನ ಮೇಲೆ, ಮೂರು ಬೆರಳು ವಿಭೂತಿ ಎಳೆದು, ಬೆಳ್ಳಿಯ ಬಟ್ಟಲಿನಿಂದ ನಾಲ್ಕು ಹನಿ ಹರಳೆಣ್ಣೆ ಹಚ್ಚುವುದು ಶುರುವಾಯಿತು. ಅಪ್ಪ ಆ ಹೊತ್ತಿಗೆ ಹಿತ್ತಲಲ್ಲಿ ಸ್ನಾನಕ್ಕೆ ಹೋಗಿರುತ್ತಿದ್ದ. ಬಂದ ಮೇಲೆ ವಿಭೂತಿ ಕಂಡರೂ ಅಜ್ಜಿಯ ಭಕ್ತಿಯೆಂದು ಬಿಟ್ಟುಬಿಡುತ್ತಿದ್ದ, ಎಣ್ಣೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಅಜ್ಜಿಗೆ ಬಗ್ಗಲು ಮಂಡಿ ಬಿಡಲಿಲ್ಲ. ಬಟ್ಟಲು ನನ್ನ ಕೈಗೆ ಬಂತು.

"ದೇವರ ಕೆಲಸ, ಮುಟ್ಟಿದ್ರ ಏನೂ ಆಗಲ್ಲ. ನಿಮ್ಮವ್ವಗ ಹೇಳಬ್ಯಾಡ" ಎಂದಳು ಅಜ್ಜಿ.

ನಾಲ್ಕು ಹನಿ ಎಂದರೆ ನಾಲ್ಕು ಹನಿಗೆ ನಿಲ್ಲುವ ಮಗು ನಾನಾಗಿರಲಿಲ್ಲ. ಅಪ್ಪ ವಾರಕ್ಕೊಮ್ಮೆ ಲೇತಿನ ಸಣ್ಣ ಸಣ್ಣ ತೂತುಗಳಿಗೆ ಎಣ್ಣೆ ಬಿಡುವುದನ್ನು ಬೆಂಚಿನ ಈಚೆಯಿಂದ ಎಷ್ಟು ಸಲ ನೋಡಿದ್ದೆನೋ. ಅಜ್ಜಿ ಕಣ್ಣು ಮುಚ್ಚಿ ಮಂತ್ರ ಹೇಳುವಾಗ ನಾನು ಒಂದೊಂದು ತೂತಿಗೂ ಚಮಚೆಗಟ್ಟಲೆ ಹರಳೆಣ್ಣೆ ಉಣಿಸಿದೆ. ತೂತು ಕಟ್ಟಿದ್ದರೆ ಅವ್ವನ ಹೇರ್‌ಪಿನ್ನಿನಿಂದ ಚುಚ್ಚಿ ಬಿಡಿಸಿದೆ. ವಿಭೂತಿಯ ಪುಡಿ ಸ್ಲೈಡಿನ ಮೇಲೆ ಉದುರಿದರೆ ಒರೆಸುವುದು ಪಾಪವೆಂದು ಅದನ್ನೂ ಹಿಂದಿನ ಸಂದಿಯೊಳಗೆ ತಳ್ಳಿದೆ. ಮನೆಯಲ್ಲಿ ಹೇರ್‌ಪಿನ್ನು ಕಾಣೆಯಾಗುತ್ತಿವೆ ಎಂದು ಅವ್ವ ಅಜ್ಜಿಯ ಮೇಲೆ ಅನುಮಾನಪಟ್ಟಳು, ತಲೆಯಲ್ಲಿ ನಾಲ್ಕು ಕೂದಲಿರುವವರಿಗೆ ಪಿನ್ನು ಯಾಕೆ ಎಂದು ಅಜ್ಜಿಗೆ ಕೇಳಿಸುವಂತೆ ಗೊಣಗಿದಳು. ಅಜ್ಜಿ ಎರಡು ದಿನ ಅವ್ವ ಮಾಡಿದ ಅಕ್ಕಿರೊಟ್ಟಿ ಮುಟ್ಟದೆ, ತಾನೇ ಜೋಳದ ರೊಟ್ಟಿ ಬಡಿದುಕೊಂಡು ತಿಂದಳು. ನಾನು ಎರಡೂ ತಿಂದೆ.

ಚಳಿ ಬೀಳುವ ಹೊತ್ತಿಗೆ ಲೇತು ಬಿಗಿಯತೊಡಗಿತು. ಮೊದಮೊದಲು ಬೆಳಿಗ್ಗೆ ಮಾತ್ರ. ಬಿಸಿಲು ಪಡಸಾಲೆಗೆ ಬಿದ್ದ ಮೇಲೆ ಸಡಿಲ. ಆಮೇಲೆ ಮಧ್ಯಾಹ್ನವೂ ಬಿಗಿ. ಒಂದು ಕೈಯಲ್ಲಿ ತಿರುಗುತ್ತಿದ್ದ ಹ್ಯಾಂಡಲಿಗೆ ಅಪ್ಪ ಎರಡು ಕೈ ಹಾಕುವಂತಾಯಿತು. ಹ್ಯಾಂಡಲು ಗಟ್ಟಿಯಾಗಿ ನಿಂತು, ತಟಕ್ಕನೆ ಬಿಟ್ಟುಕೊಂಡು, ಟೂಲು ಬೇಕಾದ್ದಕ್ಕಿಂತ ಮುಂದೆ ಹೋಗಿ ತುಂಡನ್ನು ಕಚ್ಚಿಬಿಡುತ್ತಿತ್ತು. ಅಪ್ಪ ಎರಡು ಶಾಫ್ಟು ಕೆಡಿಸಿದ. ಯಾರಿಗೂ ಹೇಳದೆ ಅವನ್ನು ಹಿತ್ತಲಿನ ಬಾಳೆಗಿಡದ ಬುಡಕ್ಕೆ ಊರುಗೋಲಾಗಿ ಕೊಟ್ಟ. ನಾನು ಮಾತ್ರ ಪಾಪ ಲೇತಿಗೆ ಹಸಿವೆ ಹೆಚ್ಚಾಗಿದೆ ಎಂದುಕೊಂಡು ಎಣ್ಣೆ ಇನ್ನಷ್ಟು ಹಾಕಿದೆ.

ಆಗ ಬಂದರು ಕುಬಟೂರಿನ ಚನ್ನಬಸಪ್ಪನವರು. ಒಂದು ಶನಿವಾರ ಬೆಳಗಿನ ಬಸ್ಸಿಗೆ ಇಳಿದು, ಎಲ್ಲರಂತೆ ಲೇತಿಗೆ ಮೊಣಕಾಲು ಬಡಿದುಕೊಂಡು, ಹೆಗಲ ಟವೆಲ್ಲಿನಿಂದ ಎರಡು ಹೋಳಾದ ಒಂದು ಕಂಚಿನ ಬಳೆ ತೆಗೆದು ಬೆಂಚಿನ ಮೇಲಿಟ್ಟರು. ಅವರ ಆಲೆಮನೆಯ ಗಾಣದಲ್ಲಿ ಕಬ್ಬು ಅರೆಯುವ ರೋಲರಿನ ದಂಡ ಕೂರುವ ಬುಷ್ಷು ಅದು. ಬುಷ್ಷಿಲ್ಲದೆ ಗಾಣ ತಿರುಗುವುದಿಲ್ಲ.

"ಕಬ್ಬು ಕಡಿಸಿ ಹಾಕೀನ್ರೀ. ಮೂರು ಗಾಡಿ. ನಾಳಿ ಸಂಜಿಯೊಳಗ ಅರೀಲಿಲ್ಲ ಅಂದ್ರ ಹುಳಿ ಹಿಡೀತೈತಿ, ಬೆಲ್ಲ ಕಟ್ಟಂಗಿಲ್ಲ. ಊರಾಗ ನಾನು ಮುಖ ತೋರ್ಸಂಗಿಲ್ಲ, ಅರ್ಧ ಕಬ್ಬು ನಮ್ಮ ಬೀಗರದು."

"ಮಧ್ಯಾಹ್ನಕ್ಕ ಕೊಡ್ತೀನ್ರೀ" ಎಂದುಬಿಟ್ಟ ಅಪ್ಪ.

"ಹಂಗಾರ ಇಲ್ಲೇ ಕುಂತಿರ್ತೀನಿ" ಎಂದು ಚನ್ನಬಸಪ್ಪನವರು ಕೂತರು. ಕೂತವರು ಏಳಲಿಲ್ಲ. ಕಡೆಯಲು ಕಂಚಿನ ತುಂಡು ಮನೆಯಲ್ಲಿದ್ದದ್ದು ಒಂದೇ ಒಂದು. ಅದನ್ನು ಕೆಡಿಸಿದರೆ ಇನ್ನೊಂದಕ್ಕೆ ದಾವಣಗೆರೆಗೆ ಹೋಗಬೇಕು. ಅಪ್ಪ ತುಂಡನ್ನು ಕಚ್ಚಿಸಿ, ಹ್ಯಾಂಡಲಿಗೆ ಕೈ ಹಾಕಿ, ಒಂದು ಸಲ ತಿರುಗಿಸಿ ನೋಡಿ, ಮತ್ತೆ ಕೈ ತೆಗೆದ. ಅಪ್ಪನ ಕಿವಿ ಕೆಂಪಾದದ್ದು ನನಗೆ ಬೆಂಚಿನ ಈಚೆಯಿಂದಲೇ ಕಂಡಿತು.

ಸ್ಲೈಡಿನ ಮಗ್ಗುಲಲ್ಲಿ ಒಂದು ತೆಳು ಪಟ್ಟಿ ಇರುತ್ತದೆ. ಅದನ್ನು ಒತ್ತಿ ಹಿಡಿಯಲು ನಾಲ್ಕು ಸಣ್ಣ ಸ್ಕ್ರೂ. ಅವು ಹೆಚ್ಚು ಬಿಗಿಯಾದರೆ ಸ್ಲೈಡು ಓಡುವುದಿಲ್ಲ. ಅಪ್ಪ ಮೊದಲು ಅವನ್ನೇ ಸಡಿಲಿಸಿದ. ಸ್ಲೈಡು ಸ್ವಲ್ಪ ಓಡಿತು, ಆದರೆ ಗಡಗಡ ನಡುಗತೊಡಗಿತು. ಒಂದು ಬೇಡದ ಕಬ್ಬಿಣದ ತುಂಡನ್ನು ಕಡೆದು ನೋಡಿದರೆ ಮೈಯೆಲ್ಲ ಹಪ್ಪಳದ ಹಾಗೆ ಗುಳ್ಳೆ. ಮತ್ತೆ ಬಿಗಿ ಮಾಡಿದ, ಮತ್ತೆ ನಿಂತಿತು. ಚನ್ನಬಸಪ್ಪನವರು ಬೆಂಚಿನ ಮೇಲಿನಿಂದ ಸಲಹೆ ಕೊಡತೊಡಗಿದರು. ನೆಲ ಒಂದು ಕಡೆ ಕುಸಿದು ಲೇತು ಸೊಟ್ಟಗಾಗಿರಬೇಕು ಎಂದರು. ಅದು ದಡ್ಡ ಮಾತಲ್ಲ, ಹಾಗೂ ಆಗುವುದುಂಟು. ಅವ್ವನಿಂದ ಒಂದು ತಟ್ಟೆ ನೀರು ತರಿಸಿ ಲೇತಿನ ಮೇಲಿಟ್ಟು, ನೀರು ಯಾವ ಕಡೆ ವಾಲುತ್ತದೆ ಎಂದು ಇಬ್ಬರೂ ಬಗ್ಗಿ ಒಂದೇ ಕಣ್ಣಿನಲ್ಲಿ ನೋಡಿದರು. ನೀರು ಯಾವ ಕಡೆಗೂ ವಾಲಲಿಲ್ಲ. ನಮ್ಮ ಬೆಕ್ಕು ಬಂದು ಕುಡಿದು ಹೋಯಿತು.

"ಸೀಮೆಎಣ್ಣಿ ಹುಯ್ರೀ. ನಮ್ಮ ಗಾಣಕ್ಕ ಅದನ್ನೇ ಮಾಡ್ತೀವಿ" ಎಂದರು ಚನ್ನಬಸಪ್ಪನವರು.

ಹುಯ್ದರು. ಹ್ಯಾಂಡಲು ಬೆಣ್ಣೆಯಾಯಿತು. ಅಪ್ಪನ ಮುಖದಲ್ಲಿ ನಗು ಬಂತು, ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಹ್ಯಾಂಡಲು ಮೊದಲಿಗಿಂತ ಗಟ್ಟಿಯಾಗಿ ನಿಂತಿತು. ಮಧ್ಯಾಹ್ನದ ಬಸ್ಸು ಹೋಯಿತು, ಸಂಜೆಯ ಬಸ್ಸೂ ಹೋಯಿತು. ಚನ್ನಬಸಪ್ಪನವರು ನಮ್ಮ ಮನೆಯಲ್ಲೇ ಉಂಡು, ಬೆಂಚಿನ ಮೇಲೆಯೇ ಮಲಗಿ, ಭಾನುವಾರ ಬೆಳಿಗ್ಗೆ ಎದ್ದು ಅವ್ವನ ಕಡುಬಿಗೆ ಎರಡನೇ ಸಲ ಕೈ ಚಾಚುತ್ತ ಕಬ್ಬಿನ ಚಿಂತೆ ಮಾಡಿದರು.

"ಕಡುಬು ಭಾಳ ಚಲೋ ಆಗ್ಯಾವ ತಾಯಿ. ಆದ್ರ ಗಂಟಲದಾಗ ಇಳೀವಲ್ವು" ಎನ್ನುತ್ತ ನಾಲ್ಕನೆಯದನ್ನು ಇಳಿಸಿದರು.

ಅಪ್ಪ ಏನೂ ತಿನ್ನಲಿಲ್ಲ. ಲೇತಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತಿದ್ದ. ಅಷ್ಟು ಹೊತ್ತು ಗೂಡಿನ ಮುಂದೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅಜ್ಜಿ ಈ ಕಡೆ ತಿರುಗಿದಳು.

"ಲೇ ರುದ್ರಾ, ಬೀಸುಕಲ್ಲು ಬಿಗಿ ಹಿಡಿದ್ರ ಗೂಟಕ್ಕ ಬಡೀತಾರೇನು? ಮ್ಯಾಲಿನ ಕಲ್ಲು ಎತ್ತಿ ನೋಡ್ತಾರ, ಒಳಗೇನು ಸಿಕ್ಕಂಡೈತಿ ಅಂತ. ನೀನು ನಿನ್ನಿ ಮುಂಜಾನಿಯಿಂದ ಮಗ್ಗಲು ತಿವೀತಿದ್ದಿ, ಎತ್ತಿ ನೋಡಿಯೇನು?"

ಅಪ್ಪ ಎತ್ತಿರಲಿಲ್ಲ. ಯಾಕೆಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೇಳಿದ. ಅಪ್ಪನಿಗೆ ಕೆಲಸ ಕಲಿಸಿದವರು, ಸ್ಲೈಡು ಬಿಚ್ಚಿದವನಿಗೆ ಮತ್ತೆ ಹಾಗೇ ಕೂಡಿಸಲು ಬರಬೇಕು, ಬರದಿದ್ದರೆ ಲೇತು ಗುಜರಿಗೆ ಹೋಗುತ್ತದೆ ಎಂದು ಹೆದರಿಸಿದ್ದರಂತೆ. ಕಡೆಯುವುದು ಗೊತ್ತಿದ್ದ ಅಪ್ಪನಿಗೆ ಬಿಚ್ಚುವುದು ಗೊತ್ತಿರಲಿಲ್ಲ. ಗಿರಾಕಿಯ ಮುಂದೆ ಅದನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಅಜ್ಜಿ ಹಾಗೆಂದ ಮೇಲೆ ಎದ್ದು ನಿಂತ. ಅವ್ವನ ಬಿಳಿ ಸೀರೆಯೊಂದನ್ನು ಕೇಳಿ ನೆಲಕ್ಕೆ ಹಾಸಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟ. ಹ್ಯಾಂಡಲು ಬಂತು. ಪಟ್ಟಿ ಬಂತು. ಸ್ಲೈಡು ಬರಲಿಲ್ಲ. ಚನ್ನಬಸಪ್ಪನವರು ಪಂಚೆ ಎತ್ತಿ ಕಟ್ಟಿ ಒಂದು ಕಡೆ ಹಿಡಿದು, ಅಪ್ಪ ಇನ್ನೊಂದು ಕಡೆ ಹಿಡಿದು ಎಳೆದರು. ಗೋಡೆಯಿಂದ ಹಳೆಯ ಕ್ಯಾಲೆಂಡರು ಕಿತ್ತ ಹಾಗೆ ಚರ್ರನೆ ಸದ್ದಾಗಿ ಸ್ಲೈಡು ಕಿತ್ತು ಬಂತು.

ಅದರ ಹೊಟ್ಟೆಯ ತುಂಬ ಬೂದುಬಣ್ಣದ ಒಂದು ಮುದ್ದೆ. ಬಿಸಿಲಲ್ಲಿಟ್ಟ ಅಂಟಿನುಂಡೆಯ ಹಾಗೆ ಜಿಗುಟು, ಅಂಚಿನಲ್ಲಿ ಒಣಗಿ ಗಟ್ಟಿ. ಪಡಸಾಲೆಯ ತುಂಬ ಘಮ್ಮನೆ ಪರಿಮಳ. ಚನ್ನಬಸಪ್ಪನವರು ಬೆರಳಲ್ಲಿ ಒಂದಿಷ್ಟು ತೆಗೆದು ಮೂಸಿದರು.

"ಇದು ವಿಭೂತಿ ಅಲ್ಲೇನ್ರೀ?" ಎಂದವರೇ, ಅಭ್ಯಾಸಬಲದಿಂದ ಅದನ್ನು ಹಣೆಗೆ ಹಚ್ಚಿಕೊಂಡರು.

ಎಲ್ಲರೂ ಗೂಡಿನ ಕಡೆ ನೋಡಿದರು. ಅಲ್ಲಿ ಹರಳೆಣ್ಣೆಯ ಬೆಳ್ಳಿ ಬಟ್ಟಲಿತ್ತು. ಅಜ್ಜಿ ಊರುಗೋಲು ಊರಿಕೊಂಡು ಎದ್ದು ಬಂದಳು. ಸ್ಲೈಡಿನ ಹೊಟ್ಟೆ ನೋಡಿದಳು, ಒಂದು ಬೆರಳಿಟ್ಟಳು, ಮೂಸಿದಳು. ಅವಳು ಹಚ್ಚಲು ಹೇಳಿದ್ದು ನಾಲ್ಕು ಹನಿ. ಅಲ್ಲಿದ್ದದ್ದು ಕಾಲು ಸೇರು. ಅಜ್ಜಿ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಅಪ್ಪನ ಕಡೆ ತಿರುಗಿದಳು.

"ನಂದು" ಎಂದಳು.

ಅಪ್ಪ ಬಾಯಿ ತೆರೆದ. ಆದರೆ ಅವನಿಗಿಂತ ಮೊದಲು ಅಡುಗೆಮನೆಯ ಬಾಗಿಲಿನಿಂದ ಅವ್ವ ಮಾತು ತೆಗೆದಳು. ಅತ್ತೆಯ ಪರವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅವ್ರನ್ನ ಎಂತಕ್ಕೆ ನೋಡ್ತೀರಿ? ಎಣ್ಣೆನೇ ಇದರ ಊಟ ಅಂದಿದ್ದು ನೀವು. ಯಾವ ಎಣ್ಣೆ ಅಂತ ಹೇಳಿದ್ರಾ? ಮನೇಲಿ ಇರೋದು ಹರಳೆಣ್ಣೆ. ವಯಸ್ಸಾದವ್ರು ಅದನ್ನೇ ಹಾಕಿದ್ದಾರೆ. ಮಷಿನ್ ತಂದು ನಡುಮನೇಲಿ ನಿಲ್ಸಿದವ್ರು ಅದಕ್ಕೆ ಎಂತ ತಿನ್ನಿಸ್ಬೇಕು ಅಂತ ಮನೆಯವ್ರಿಗೆ ಹೇಳ್ಬೇಕಾಗಿತ್ತು."

ಅಜ್ಜಿ ಸೊಸೆಯ ಕಡೆ ತಿರುಗಿ ನೋಡಿದಳು. ಅಪ್ಪ ತಲೆ ಬಗ್ಗಿಸಿ ಸೀಮೆಎಣ್ಣೆಯ ಬಟ್ಟೆ ಕೈಗೆತ್ತಿಕೊಂಡ. ವಿಷಯ ಅಲ್ಲಿಗೇ ಮುಗಿದಿತ್ತು. ನಾನು ಸುಮ್ಮನಿದ್ದಿದ್ದರೆ ನನ್ನ ಹೆಸರೂ ಬರುತ್ತಿರಲಿಲ್ಲ. ಆದರೆ ಅಜ್ಜಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು, ಗಿರಾಕಿಯ ಮುಂದೆ, ನನ್ನ ಕಾಲು ಸೇರು ಎಣ್ಣೆಯ ತಪ್ಪು ತಾನು ಹೊತ್ತು ನಿಂತಿದ್ದಳು.

"ಅಜ್ಜಿ ಹಚ್ಚಿದ್ದು ಮ್ಯಾಲ ಅಷ್ಟೇ. ಒಳಗ ಹಾಕಿದ್ದು ನಾನು" ಎಂದೆ. ಹೇಳಿದ್ದೇ ತಡ ಅಳು ಬಂತು. ಅಳುತ್ತಲೇ, "ಎಲ್ಲಾ ತೂತಿಗೂ ಹಾಕೀನಿ. ಒಂಬತ್ತಕ್ಕೂ" ಎಂದೆ.

ಅಪ್ಪ ಬಟ್ಟೆ ಕೆಳಗಿಟ್ಟ. "ಎಷ್ಟಕ್ಕ?"

"ಒಂಬತ್ತಕ್ಕ."

"ಇರೋದು ಏಳು."

"ಒಂಬತ್ತು ಅದಾವ."

"ಹತ್ತು ವರ್ಷದಿಂದ ಎಣ್ಣಿ ಹಾಕ್ತಾ ಇದೀನಿ ನಾನು. ಏಳು!"

"ಒಂಬತ್ತು" ಎಂದೆ ನಾನು. ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ, ಸಿಟ್ಟು ಬಂದಿತ್ತು. ಬೆಂಚು ದಾಟಿ, ಅವ್ವ ನೋಡುತ್ತಿರುವಾಗಲೇ ಲೇತಿನ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿ ಎಣಿಸಿದೆ. ಏಳರವರೆಗೆ ಅಪ್ಪ ತಲೆಯಾಡಿಸಿದ. ಎಂಟನೆಯದು ಹ್ಯಾಂಡಲಿನ ಕುತ್ತಿಗೆಯ ಕೆಳಗೆ, ಹಸಿರು ಬಣ್ಣ ಬಳಿದು ಮುಚ್ಚಿಹೋಗಿದ್ದದ್ದು. ಹೇರ್‌ಪಿನ್ನಿನಿಂದ ನಾನೇ ಬಣ್ಣ ಕೆರೆದು ತೆಗೆದಿದ್ದೆ. ಒಂಬತ್ತನೆಯದು ಹಿಂಬದಿಯಲ್ಲಿ, ಗೋಡೆಯ ಕಡೆ, ನನ್ನದರಷ್ಟು ಸಣ್ಣ ಕೈ ಮಾತ್ರ ಹೋಗುವ ಸಂದಿಯಲ್ಲಿ. ಅಪ್ಪ ನೆಲದ ಮೇಲೆ ಮಲಗಿ, ಬ್ಯಾಟರಿ ಬಿಟ್ಟು ನೋಡಿದ. ಬಹಳ ಹೊತ್ತು ನೋಡಿದ. ಮಲಗಿದಲ್ಲಿಂದಲೇ ಅವನ ಧ್ವನಿ ಬಂತು.

"ಹೌದಲ್ಲ. ಇಷ್ಟು ವರ್ಷ ಇವೆರಡೂ ಒಂದು ಹನಿ ಎಣ್ಣಿ ಕಂಡಿಲ್ಲ."

"ಒಂಬತ್ತಾ?" ಎಂದರು ಚನ್ನಬಸಪ್ಪನವರು.

"ಒಂಬತ್ತು" ಎಂದ ಅಪ್ಪ.

ಆಮೇಲೆ ಯಾರೂ ಯಾರನ್ನೂ ಬೈಯಲಿಲ್ಲ, ಪುರುಸೊತ್ತಿರಲಿಲ್ಲ. ಅವ್ವ ಹಳೆಯ ಪಂಚೆ ಹರಿದು ಚಿಂದಿ ಮಾಡಿಕೊಟ್ಟಳು. ಅಪ್ಪ ಸ್ಲೈಡಿನ ಹೊಟ್ಟೆ ಕೆರೆದು ತೊಳೆದ. ಚನ್ನಬಸಪ್ಪನವರು ಬೇವಿನಕಡ್ಡಿಯಿಂದ ಮೂಲೆ ಕೆದಕಿದರು. ತೆಗೆದ ಮುದ್ದೆಯನ್ನು ಕಸಕ್ಕೆ ಹಾಕಲು ಅಜ್ಜಿ ಬಿಡಲಿಲ್ಲ, ವಿಭೂತಿ ತುಳಿಯಬಾರದೆಂದು ಎಲೆಯಲ್ಲಿ ಸುತ್ತಿ ತುಳಸಿಯ ಬುಡಕ್ಕೆ ಹಾಕಿಸಿದಳು. ತುಳಸಿ ಆ ತಿಂಗಳೇ ಒಣಗಿತು, ಆ ಮಾತು ಬೇರೆ. ಒಂಬತ್ತೂ ತೂತುಗಳನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು ಮಷಿನ್ ಎಣ್ಣೆ ಬಿಟ್ಟೆ, ಒಂದೊಂದಕ್ಕೆ ಎರಡೇ ಹನಿ. ಸ್ಲೈಡು ಕೂಡಿಸುವಾಗ ಅಪ್ಪ ನನ್ನ ಕೈಯನ್ನು ಹ್ಯಾಂಡಲಿನ ಮೇಲಿಟ್ಟ. ಅವನು ಸ್ಕ್ರೂಗಳನ್ನು ಒಂದೊಂದಾಗಿ ಕಾಲು ಸುತ್ತು ಬಿಗಿ ಮಾಡುವುದು, ನಾನು ತಿರುಗಿಸಿ ಹೇಳುವುದು.

"ಈಗ?"

"ಸಡ್ಲ."

"ಈಗ?"

"ಇನ್ನೂ ಸಡ್ಲ. ಅಲ್ಲಾಡ್ತೈತಿ."

"ಈಗ?"

ಬಾವಿಯ ಹಗ್ಗ ತುಂಬಿದ ಕೊಡದ ತೂಕಕ್ಕೆ ನಿಂತ ಹಾಗೆ ಕೈಯಲ್ಲಿ ಏನೋ ನಿಂತಿತು. ಭಾರವಿತ್ತು, ಆದರೆ ಎಲ್ಲೂ ತಡೆಯಲಿಲ್ಲ. "ಸಾಕು" ಎಂದೆ. ಅಪ್ಪ ತಾನು ತಿರುಗಿಸಿ ನೋಡಲೂ ಇಲ್ಲ, ಸ್ಕ್ರೂಡ್ರೈವರ್ ಕೆಳಗಿಟ್ಟ. ಮುಂದೆ ಮೂವತ್ತು ವರ್ಷ ನಾನು ಇದೇ ಕೆಲಸವನ್ನು ಹುಡುಗ ಹುಡುಗಿಯರಿಗೆ ಕಲಿಸಿದೆ. "ಸಾಕು" ಎನ್ನುವುದು ಎಲ್ಲಿ ಬರುತ್ತದೆ ಎಂದು ಮಾತಿನಲ್ಲಿ ಹೇಳಲು ಇವತ್ತಿಗೂ ನನಗೆ ಬಂದಿಲ್ಲ.

ಕಂಚು ಕಡೆಯುವಾಗ ಬಂಗಾರದ ಬಣ್ಣದ ಚೂರು ಸೀರೆಯ ಮೇಲೆ ಮಳೆಯ ಹಾಗೆ ಬಿತ್ತು. ಬುಷ್ಷು ಕನ್ನಡಿಯಂತೆ ಬಂತು. ಚನ್ನಬಸಪ್ಪನವರು ಅದನ್ನು ಕೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ಮೂರು ಗಂಟೆಯ ಬಸ್ಸಿಗೆ ಓಡಿದರು. ಕಬ್ಬು ಹುಳಿ ಹಿಡಿಯುವ ಮೊದಲೇ ಗಾಣ ತಿರುಗಿತೆಂದು, ಬೀಗರ ಮುಂದೆ ಮರ್ಯಾದೆ ಉಳಿಯಿತೆಂದು ಮುಂದಿನ ವಾರ ಸುದ್ದಿ ಬಂತು. ಜೊತೆಗೆ ಒಂದು ಕೊಡ ಜೋನಿಬೆಲ್ಲ.

ಆದರೆ ಆ ಭಾನುವಾರ ಸಂಜೆ ನನಗೆ ಬೆಲ್ಲದ ಯೋಚನೆ ಇರಲಿಲ್ಲ, ಅವ್ವನ ಭಯವಿತ್ತು. ದೀಪ ಹಚ್ಚುವ ಹೊತ್ತಿಗೆ ಅವಳು ನನ್ನನ್ನು ಬಚ್ಚಲಿಗೆ ಕರೆದಳು. ಬಿಸಿನೀರು ತೋಡಿ, ನನ್ನ ಎರಡೂ ಕೈ ಹಿಡಿದು, ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕತೊಡಗಿದಳು. ಅಂಗೈ ಬೆಳ್ಳಗಾಯಿತು, ಬೆರಳು ಕೆಂಪಾಯಿತು, ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. ಇನ್ನೊಂದು ಹಿಡಿ ಸೀಗೆಪುಡಿ ಹಾಕಿ ತಿಕ್ಕಿದಳು. ಹೋಗಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವ್ವ ನನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದಳು. ಹತ್ತೂ ಇದ್ದವು. ನಾರನ್ನು ಗೋಡೆಯ ಮೇಲೆ ಎಸೆದು, ಸೆರಗಿನಿಂದ ನನ್ನ ಕೈ ಒರೆಸಿದಳು.

"ಇರ್ಲಿ ಬಿಡು" ಎಂದಳು. "ನಾಳೆ ಮತ್ತೆ ಕಪ್ಪಾಗ್ತದಲ್ಲ."